ಕಿತ್ತೂರಿನ ಕಥೆ: ತೆರೆಯಲ್ಲಿ ಕಂಡದ್ದು, ಇತಿಹಾಸದಲ್ಲಿ ನಡೆದದ್ದು

ಮೆಲ್ ಗಿಬ್ಸನ್ 1995ರಲ್ಲಿ ತೆರೆಗೆ ತಂದ ‘ಬ್ರೇವ್‌ಹಾರ್ಟ್’ ಐದು ಆಸ್ಕರ್ ಗೆದ್ದಿತು. ಆದರೆ 1297ರ ಸ್ಟರ್ಲಿಂಗ್ ಸೇತುವೆ ಕದನವನ್ನು ಆ ಚಿತ್ರ ತೋರಿಸಿದ್ದು ಸೇತುವೆಯೇ ಇಲ್ಲದೆ! ಸ್ಕಾಟ್ಲೆಂಡಿನ ವೀರ ವಿಲಿಯಂ ವಾಲೇಸ್‌ಗೆ ಮನಸೋಲುವ ರಾಜಕುಮಾರಿ ಇಸಬೆಲ್ಲಾ, 1305ರಲ್ಲಿ ಆತನನ್ನು ಕೊಂದಾಗ, ಹತ್ತರ ಆಸುಪಾಸಿನ ಹುಡುಗಿ.

ಇತಿಹಾಸವನ್ನು ಹಾಗೆಯೇ ತೆರೆಗೆ ತಂದು ಕನ್ನಡಿಗರ ಮನಸ್ಸಿನಲ್ಲಿ ಜಾಗ ಪಡೆದದ್ದು ಬಿ.ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’. ಬಿ. ಸರೋಜಾದೇವಿ ರಾಣಿ, ರಾಜ್‌ಕುಮಾರ್ ಆಕೆಯ ಪತಿ ಮಲ್ಲಸರ್ಜ. 2012ರಲ್ಲಿ ದರ್ಶನ್ ಅಭಿನಯದ ಕಿತ್ತೂರಿನ ಹೋರಾಟಗಾರ ಸಂಗೊಳ್ಳಿ ರಾಯಣ್ಣನ ಚಿತ್ರವೂ ಬಂತು. ಕಿತ್ತೂರಿನ ಬಗ್ಗೆ ಬೇರೂರಿರುವ ಕೆಲವು ನಂಬಿಕೆಗಳನ್ನು ಈಗ ಪರಿಶೀಲಿಸಬೇಕು.

ಕಲ್ಪನೆ: ಈಸ್ಟ್ ಇಂಡಿಯಾ ಕಂಪನಿಯೊಡನೆ ಕಿತ್ತೂರಿನ ಯುದ್ಧ ನಡೆದದ್ದು ಕಪ್ಪದ ವಿಚಾರಕ್ಕೆ.

ಸತ್ಯ: ಕಪ್ಪ ಕೇಳಿದವರನ್ನು ರಾಣಿ ಗದರುವ ಸಂಭಾಷಣೆ ಶಾಲಾ ವೇದಿಕೆಗಳಲ್ಲಿ ಇಂದಿಗೂ ಮೊಳಗುತ್ತದೆ. ಆದರೆ ಪೇಶ್ವೆಗಳ ಪತನದ ಹೊತ್ತಿಗೆ ಕಿತ್ತೂರು ಕಂಪನಿಯ ಪರ ನಿಂತಿತ್ತು, ಅದಕ್ಕೆ ವಾರ್ಷಿಕ ಕಪ್ಪವನ್ನೂ ಕಟ್ಟುತ್ತಿತ್ತು. ಕಿಡಿ ಹೊತ್ತಿದ್ದು 1824ರಲ್ಲಿ, ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ. ಉತ್ತರಾಧಿಕಾರಿಯ ದತ್ತು ಸ್ವೀಕಾರವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಸಂಸ್ಥಾನದ ಖಜಾನೆಗೆ ಮೊಹರು ಹಾಕಿಸಿದ.

ಕಲ್ಪನೆ: ಚೆನ್ನಮ್ಮ ಹೋರಾಡಿದ್ದು ದತ್ತು ವಾರಸಿಕೆಯನ್ನು ನಿರಾಕರಿಸುವ ಡಾಲ್‌ಹೌಸಿಯ ಕಾನೂನಿನ ವಿರುದ್ಧ.

ಸತ್ಯ: ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರು ಸಿಡಿದೆದ್ದಾಗ ಅವನಿಗೆ ಹನ್ನೆರಡು ವರ್ಷ. ಝಾನ್ಸಿಗಿಂತ ಮೂರು ದಶಕ ಮೊದಲೇ ದತ್ತು ಹಕ್ಕಿಗಾಗಿ ಖಡ್ಗ ಹಿಡಿದವಳು ನಮ್ಮ ರಾಣಿ. ಈ ಹಿರಿಮೆಯನ್ನು ತಪ್ಪು ಹೆಸರಿಗೆ ಒತ್ತೆಯಿಡಬಾರದು.

ಕಲ್ಪನೆ: ತೀರಿಕೊಂಡ ದೊರೆ ಚೆನ್ನಮ್ಮನ ಹೆತ್ತ ಮಗ.

ಸತ್ಯ: ಆತ ಮಲ್ಲಸರ್ಜನ ಹಿರಿಯ ಪತ್ನಿ ರುದ್ರಮ್ಮನ ಮಗ. ಚೆನ್ನಮ್ಮ ಮಲತಾಯಿ.

ಕಲ್ಪನೆ: ಥ್ಯಾಕರೆ ಸತ್ತ ದಿನವೇ ಕಿತ್ತೂರಿನ ಗೆಲುವು ಅಂತಿಮವಾಯಿತು, ಅಥವಾ ರಾಣಿ ರಣರಂಗದಲ್ಲೇ ಮಡಿದಳು.

ಸತ್ಯ: 1824ರ ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಬಾಗಿಲು ತೆರೆಯಲು ಗಡುವು ಕೊಟ್ಟ. ಬಾಗಿಲು ತೆರೆಯಿತು, ಆದರೆ ಹೊರಗೆ ನುಗ್ಗಿದ್ದು ಕಿತ್ತೂರಿನ ಪಡೆ. ಥ್ಯಾಕರೆ ನೆಲಕ್ಕುರುಳಿದ. ಅವನ ಸಹಾಯಕರಾದ ಎಲಿಯಟ್, ಸ್ಟೀವನ್‌ಸನ್ ಸೆರೆಯಾದರು. ಇವರಲ್ಲಿ ವಾಲ್ಟರ್ ಎಲಿಯಟ್ ವಾಲೇಸ್‌ನ ನಾಡಾದ ಸ್ಕಾಟ್ಲೆಂಡಿನವನೇ. ಮುಂದೆ ಕನ್ನಡ ಶಾಸನಗಳ ಸಂಗ್ರಹಕ್ಕೆ ಹೆಸರಾದ. ಸೆರೆಯಾಳುಗಳನ್ನು ರಾಣಿ ಬಿಡುಗಡೆ ಮಾಡಿದಳು. ಕಂಪನಿ ಮಾತ್ರ ದೊಡ್ಡ ಸೈನ್ಯದೊಡನೆ ಮರಳಿ ಬಂದು, ಡಿಸೆಂಬರ್ ಮೊದಲ ವಾರದಲ್ಲಿ ಕೋಟೆಯನ್ನು ವಶಪಡಿಸಿಕೊಂಡಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದಳು. ಆ ದತ್ತು ಮಗನನ್ನು ಪಟ್ಟಕ್ಕೇರಿಸಲು ಹೋರಾಡಿದ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಸಿನಿಮಾ ಅಭಿಮಾನ ಹುಟ್ಟಿಸುತ್ತದೆ, ಅದು ದೊಡ್ಡ ಕೆಲಸವೇ. ಆದರೆ ಕಪ್ಪ ಕೊಟ್ಟೂ ನಂಬಿಕೆ ಮುರಿದಾಗ ಸಿಡಿದೆದ್ದ ಪುಟ್ಟ ಸಂಸ್ಥಾನದ ನಿಜಕಥೆ ಅದಕ್ಕಿಂತ ಗಟ್ಟಿ. ಹುಬ್ಬಳ್ಳಿ–ಧಾರವಾಡದ ಕಡೆ ರಸ್ತೆ ಹಿಡಿಯುವ ಕನ್ನಡ ಕುಟುಂಬಗಳು ಬೆಳಗಾವಿ ದಾಟಿದ ಮೇಲೆ, ಹೆದ್ದಾರಿಯ ಮಗ್ಗುಲಲ್ಲೇ ಇರುವ ಕಿತ್ತೂರಿನಲ್ಲಿ ಇಳಿಯಲಿ. ಅರಮನೆಯ ಅವಶೇಷವನ್ನೂ ಅಲ್ಲಿನ ವಸ್ತುಸಂಗ್ರಹಾಲಯವನ್ನೂ ಮಕ್ಕಳಿಗೆ ತೋರಿಸಲಿ.