ಬೀರುವಿನ ಬಟ್ಟೆಗೆ ನುಸಿಗುಳಿಗೆಯೊಂದೇ ಮದ್ದಲ್ಲ

ಮಳೆಗಾಲ ಮುಗಿದು ನವರಾತ್ರಿ ಸಮೀಪಿಸುತ್ತಿದ್ದಂತೆ ಮನೆಗಳಲ್ಲಿ ಧೂಳು ಹೊಡೆಯುವ ಕಾರ್ಯ ಆರಂಭವಾಗುತ್ತದೆ. ಅಟ್ಟ, ಗೋಡೆ, ಪಾತ್ರೆಗಳೆಲ್ಲ ಸ್ವಚ್ಛವಾದರೂ ಹೊದಿಕೆ, ಟವೆಲ್, ಕಂಬಳಿ, ಜಮಖಾನಗಳನ್ನು ಒತ್ತಿ ತುಂಬಿದ ಬೀರು ಮಾತ್ರ ಹಾಗೆಯೇ ಉಳಿಯುತ್ತದೆ. ಅದರೊಳಗೆ ನಾಲ್ಕು ನುಸಿಗುಳಿಗೆ ಹಾಕಿದರೆ ಸಾಕೆಂಬ ಭಾವನೆ ಸಾಮಾನ್ಯ. ಬಟ್ಟೆಯ ಬಾಳಿಕೆಗೂ ಮನೆಯ ಹಸುಗೂಸಿನ ಆರೋಗ್ಯಕ್ಕೂ ಈ ಭಾವನೆ ಒಳ್ಳೆಯದಲ್ಲ.

ಗುಳಿಗೆಯ ಅಪಾಯ

ನುಸಿಗುಳಿಗೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ರಾಸಾಯನಿಕ ನ್ಯಾಫ್ತಲೀನ್. ಇದು ದ್ರವವಾಗದೆ ನೇರವಾಗಿ ಆವಿಯಾಗಿ ಬಟ್ಟೆಯ ಎಳೆಗಳಲ್ಲಿ ಸೇರಿಕೊಳ್ಳುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಶಿಶುಗಳಿಗೆ ಈ ಆವಿ ತಗುಲಿದರೆ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಉಂಟಾಗಬಹುದು. ಚಿಕಿತ್ಸೆ ತಡವಾದರೆ ಮಿದುಳಿಗೂ ಹಾನಿಯಾದೀತು. ಅನುವಂಶೀಯವಾದ ಈ ಕೊರತೆ ಗಂಡುಮಕ್ಕಳಲ್ಲಿ ಹೆಚ್ಚು. ಸಾಮಾನ್ಯ ದಿನಗಳಲ್ಲಿ ಯಾವ ಲಕ್ಷಣವೂ ಕಾಣದ ಕಾರಣ ಅನೇಕ ತಂದೆತಾಯಿಯರಿಗೆ ಇದರ ಅರಿವಿರುವುದಿಲ್ಲ.

ಮೊದಲ ಮಗುವಿನ ಅಂಗಿ, ಕುಲಾವಿ, ಹೊದಿಕೆಗಳನ್ನು ಮುಂದಿನ ಮಗುವಿಗೆಂದು ಗುಳಿಗೆಯೊಡನೆ ವರ್ಷಗಟ್ಟಲೆ ಕಾಪಿಡುವುದು ಹಲವು ಮನೆಗಳ ರೂಢಿ. ಮಕ್ಕಳ ಬಟ್ಟೆಯ ಜತೆ ನ್ಯಾಫ್ತಲೀನ್ ಇಡದಿರುವುದೇ ಸುರಕ್ಷಿತ. ಇದನ್ನು ಕ್ಯಾನ್ಸರ್‌ಕಾರಕವಾಗುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2002ರಲ್ಲಿ ಸೇರಿಸಿದೆ. ಬದಲಿಗೆ ಕರ್ಪೂರ ಇಡುವವರೂ ಎಚ್ಚರ ವಹಿಸಬೇಕು. ಮಗು ಅದನ್ನು ನುಂಗಿದರೆ ಫಿಟ್ಸ್ ಬರುವ ಅಪಾಯವಿದೆ.

ಹುಳು ಬರುವುದೇಕೆ?

ಬಟ್ಟೆ ತಿನ್ನುವುದು ಹಾರಾಡುವ ನುಸಿಯಲ್ಲ, ಅದರ ಮರಿಹುಳು. ಉಣ್ಣೆ, ರೇಷ್ಮೆಯಂತಹ ಪ್ರಾಣಿಜನ್ಯ ಎಳೆಗಳೇ ಅದರ ಆಹಾರ. ಬೆವರು, ಎಣ್ಣೆ, ಊಟದ ಕಲೆ ಉಳಿದಿದ್ದರೆ ಅದಕ್ಕೆ ಇನ್ನಷ್ಟು ಅನುಕೂಲ. ಸಿಲ್ವರ್‌ಫಿಶ್ ಹುಳು ಗಂಜಿಯನ್ನು ಅರಸಿ ಬರುತ್ತದೆ. ಆದ್ದರಿಂದ ದೀರ್ಘಕಾಲ ಇಡುವ ಹತ್ತಿ ಬಟ್ಟೆಗೆ ಗಂಜಿ ಹಾಕಬಾರದು. ಒಗೆದು, ಪೂರ್ಣವಾಗಿ ಒಣಗಿಸಿ ಇಟ್ಟ ಬಟ್ಟೆಗೆ ಅರ್ಧ ರಕ್ಷಣೆ ದೊರೆತಂತೆಯೇ.

ಕರಾವಳಿ, ಮಲೆನಾಡಿನಲ್ಲಿ ಹುಳುವಿಗಿಂತ ತೇವದ್ದೇ ದೊಡ್ಡ ಕಾಟ. ಒತ್ತೊತ್ತಾಗಿ ತುಂಬಿದ ಬೀರುವಿನಲ್ಲಿ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಬಂಧಿಸುತ್ತದೆ.

ಎಷ್ಟು ಬೇಕು?

ಮೊದಲು ಬೀರುವನ್ನು ಸಂಪೂರ್ಣ ಖಾಲಿ ಮಾಡಬೇಕು. ಹಾಸಿಗೆಗೆ ಮೂರು ಜೊತೆ ಹೊದಿಕೆ ಇದ್ದರೆ ಸಾಕು: ಒಂದು ಹಾಸಿಗೆಯ ಮೇಲೆ, ಒಂದು ಒಗೆಯಲು, ಒಂದು ಬೀರುವಿನಲ್ಲಿ. ಅತಿಥಿಗಳಿಗಾಗಿ ಒಂದೆರಡು ಜೊತೆ ಹೆಚ್ಚಿಗೆ ಇರಲಿ. ಜೊತೆಯ ಬಟ್ಟೆಗಳನ್ನು ಅದರದೇ ದಿಂಬಿನ ಕವರಿನೊಳಗೆ ಮಡಚಿಟ್ಟರೆ ಹುಡುಕಾಟ ತಪ್ಪುತ್ತದೆ. ನಿತ್ಯ ಬಳಸುವುದು ಕೈಗೆಟುಕುವ ಅರೆಯಲ್ಲಿ, ಕಂಬಳಿ ಮೇಲಿನ ಅರೆಯಲ್ಲಿರಲಿ. ಒಗೆದ ಬಟ್ಟೆಯನ್ನು ಅಡಿಯಲ್ಲಿಟ್ಟು ಮೇಲಿನದನ್ನು ತೆಗೆದುಕೊಂಡರೆ ಎಲ್ಲವೂ ಸರದಿಯಂತೆ ಬಳಕೆಯಾಗುತ್ತವೆ.

ರೇಷ್ಮೆಯ ಲೆಕ್ಕ ಬೇರೆ

1912ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯ ಜರಿ ಸೀರೆ ಹಲವು ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಆಸ್ತಿ. ಅಂತಹ ಸೀರೆಗೆ ಗುಳಿಗೆ ನೇರವಾಗಿ ತಾಗಬಾರದು. ಒಗೆದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ರೇಷ್ಮೆ ಅಲ್ಲಿಯೇ ಸೀಳುತ್ತದೆ. ಬಿಸಿಲಿಗಿಂತ ನೆರಳಿನ ಗಾಳಿ ಇದಕ್ಕೆ ಹಿತ.

ಹಳೆಯದು ಎಲ್ಲಿಗೆ?

ಬೇಡವೆಂದು ಬದಿಗಿಟ್ಟ ಬಟ್ಟೆ ತಿಪ್ಪೆಗೆ ಹೋಗಬೇಕಿಲ್ಲ. ಸವೆದ ಮೆತ್ತನೆಯ ಹತ್ತಿ ಬಟ್ಟೆಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡುವ ಕಲೆ ಉತ್ತರ ಕರ್ನಾಟಕದಲ್ಲಿ ಇಂದಿಗೂ ಜೀವಂತವಾಗಿದೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗಳು ಹೊರನಾಡುಗಳಲ್ಲಿಯೂ ಹೆಸರು ಮಾಡಿವೆ. ಗಟ್ಟಿಯಾಗಿರುವ ಹೊದಿಕೆಗಳು ಅನಾಥಾಲಯ, ವೃದ್ಧಾಶ್ರಮಗಳಿಗೆ ಸಲ್ಲಲಿ. ಹರಿದ ಟವೆಲ್‌ಗಳು ನೆಲ ಒರೆಸಲು ಸಾಕು. ಖಾಲಿಯಾದ ಅರೆಯಲ್ಲಿ ಗಾಳಿಯಾಡಿದರೆ ಉಳಿದ ಬಟ್ಟೆಗೆ ಅದಕ್ಕಿಂತ ಮಿಗಿಲಾದ ಕಾವಲಿಲ್ಲ.