ಮೈಮೇಲೆ ಗಾಯವಿಲ್ಲ

"ಬಚ್ಚಲ್‌ಮನೇಲಿ ಜಾರಿ ಬಿದ್ದೆ."

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ಊರಿನ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವವರಿಗೂ ಈ ಮಾತು ಹೊಸದಲ್ಲ. ನಿಜವಾಗಿ ಜಾರಿ ಬೀಳುವವರು ಕೈ ಮುಂದೆ ಚಾಚುತ್ತಾರೆ. ಅಂಗೈ ತರಚುತ್ತದೆ, ಮಂಡಿ ಒಡೆಯುತ್ತದೆ, ಮಣಿಕಟ್ಟು ಉಳುಕುತ್ತದೆ. ಹೊಡೆಸಿಕೊಂಡವರ ಗಾಯಗಳಿರುವ ಜಾಗ ಬೇರೆ: ಮುಖ, ಕತ್ತು, ಎದೆ, ಹೊಟ್ಟೆ. ಏಟು ತಡೆಯಲು ಕೈ ಅಡ್ಡ ಹಿಡಿದಿದ್ದರೆ ಮುಂಗೈಯಲ್ಲಿ ಕಿರುಬೆರಳಿನ ಕಡೆಯ ಮೂಳೆ ಬಿರುಕು ಬಿಟ್ಟಿರಬಹುದು. ಬಿಸಿನೀರಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಹೆಂಗಸಿನ ಬೆರಳು ಬೆಂದಿದ್ದರೆ ಅದು ಕೆಲಸದ ಗುರುತು. ಅವಳ ಕತ್ತಿನ ಮೇಲಿನ ಹೆಬ್ಬೆರಳ ಗುರುತಿಗೂ ಆ ಕೆಲಸಕ್ಕೂ ಸಂಬಂಧವಿಲ್ಲ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದರು. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6 ಇತ್ತು. ಏರಿದ್ದು ಹಿಂಸೆಯೋ, ಹೇಳಿಕೊಳ್ಳುವ ಧೈರ್ಯವೋ ಎಂದು ವಾದ ಮಾಡಬಹುದು. ಆದರೆ ಅಷ್ಟು ಮಂದಿಯಲ್ಲಿ ಬಹುಪಾಲು ಹೆಂಗಸರು ಎಂದಾದರೂ ಒಮ್ಮೆ ಜ್ವರಕ್ಕೋ ಹೆರಿಗೆಗೋ ಮಗುವಿನ ಲಸಿಕೆಗೋ ಆಸ್ಪತ್ರೆಯ ಮೆಟ್ಟಿಲು ಹತ್ತಿರುತ್ತಾರೆ. ಪೊಲೀಸ್ ಠಾಣೆಗೆ ಹೋಗದವಳೂ ಅಲ್ಲಿಗೆ ಬರುತ್ತಾಳೆ.

ಕತ್ತಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಣ್ತಪ್ಪಿದರೆ ಜೀವ ಹೋಗುವ ಗಾಯ ಇದೇ. ತಲೆಯಿಂದ ರಕ್ತ ಕೆಳಗಿಳಿಸುವ ಅಭಿಧಮನಿ ಮುಚ್ಚಿಕೊಳ್ಳಲು ಸುಮಾರು 2 ಕಿಲೋ ಒತ್ತಡ ಸಾಕು ಎನ್ನುತ್ತವೆ ವಿಧಿವಿಜ್ಞಾನದ ಪಠ್ಯಗಳು. ರಕ್ತ ಮೇಲೇರಿಸುವ ಅಪಧಮನಿಗೆ 4-5 ಕಿಲೋ, ಶ್ವಾಸನಾಳಕ್ಕೆ 15 ಕಿಲೋ ಬೇಕು. ಅಂದರೆ ಉಸಿರು ಕಟ್ಟುವುದಕ್ಕೆ ಮೊದಲೇ ಮಿದುಳಿಗೆ ರಕ್ತ ನಿಲ್ಲುತ್ತದೆ, ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಇಳಿಯುವ ದಾರಿ ಮುಚ್ಚಿ ಏರುವ ದಾರಿ ಇನ್ನೂ ತೆರೆದಿರುವ ಹೊತ್ತಿನಲ್ಲಿ ತಲೆಯಲ್ಲಿ ರಕ್ತ ತುಂಬಿ, ಕೂದಲೆಳೆಯಂಥ ನಾಳಗಳು ಒಡೆದು, ಕಣ್ಣಿನ ಬಿಳಿಯಲ್ಲಿ, ರೆಪ್ಪೆಯ ಒಳಗೆ, ಕಿವಿಯ ಹಿಂದೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಮೂಡುತ್ತವೆ. ಆದರೆ ಕತ್ತಿನ ಚರ್ಮ ಸ್ವಚ್ಛವಾಗಿಯೇ ಇರಬಹುದು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕತ್ತು ಹಿಸುಕಿದ 300 ಪ್ರಕರಣಗಳ ದಾಖಲೆ ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧದಷ್ಟು ಹೆಂಗಸರ ಕತ್ತಿನಲ್ಲಿ ಕಾಣುವ ಗುರುತೇ ಇರಲಿಲ್ಲ. ಧ್ವನಿ ಗೊಗ್ಗರಾಗಿದ್ದರೆ, ಎಂಜಲು ನುಂಗಲು ನೋವಾಗುತ್ತಿದ್ದರೆ, "ಒಂದು ಗಳಿಗೆ ಕಣ್ಣು ಕತ್ತಲಾಯ್ತು" ಎಂದರೆ ಕತ್ತಿನ ರಕ್ತನಾಳಗಳ ಸ್ಕ್ಯಾನ್ ಆಗಬೇಕು. ಒಳಪದರ ಹರಿದ ಅಪಧಮನಿ ಕೆಲವು ದಿನ ಬಿಟ್ಟು ಲಕ್ವ ಹೊಡೆಸಬಲ್ಲದು. ಸಂಗಾತಿ ಒಮ್ಮೆ ಕತ್ತು ಹಿಸುಕಿದ್ದರೆ ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಹಲವು ಪಟ್ಟು ಹೆಚ್ಚು ಎಂಬುದೂ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಕಂಡಿದೆ. ಹಾಗಾಗಿ "ಗಂಡ ಕತ್ತು ಹಿಡಿದ" ಎಂಬ ಮಾತನ್ನು ಮನೆಜಗಳ ಎಂದು ತಳ್ಳಿಹಾಕುವಂತಿಲ್ಲ.

ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ "ಮೈಮೇಲೆ ಗಾಯವಿಲ್ಲ" ಎಂಬ ಸಾಲು ಇನ್ನೂ ಹೆಚ್ಚು ಅನ್ಯಾಯ ಮಾಡಿದೆ. ಚಾಕು ತೋರಿಸಿದರೆ, ಮಗುವನ್ನು ಕೊಲ್ಲುತ್ತೇನೆಂದರೆ, ಅಮಲೇರಿಸಿದರೆ ಬಹಳ ಮಂದಿ ಸೆಣಸಲಾರರು. ನಾಲ್ಕು ದಿನ ತಡವಾಗಿ ಬಂದರೆ ಇದ್ದ ಗಾಯವೂ ಮಾಗಿರುತ್ತದೆ. ಇದಲ್ಲದೆ ನಮ್ಮ ಕೈಯಲ್ಲಿಲ್ಲದ ಒಂದು ಸ್ಥಿತಿಯೂ ಇದೆ. ವಿಪರೀತ ಭಯದಲ್ಲಿ ತಪ್ಪಿಸಿಕೊಳ್ಳುವ ದಾರಿಯೇ ಕಾಣದಾಗ ಮೈ ಮರಗಟ್ಟುತ್ತದೆ. ಕೂಗಬೇಕೆಂದರೂ ಗಂಟಲಿಂದ ದನಿ ಏಳದು. ಪ್ರಾಣಿಗಳಲ್ಲಿ ಬಹಳ ಹಿಂದೆಯೇ ಗುರುತಿಸಿದ್ದ ಈ ಸ್ಥಿತಿಯನ್ನು ಸ್ಟಾಕ್‌ಹೋಮ್‌ನ ಅತ್ಯಾಚಾರ ಚಿಕಿತ್ಸಾ ಕೇಂದ್ರಕ್ಕೆ ಬಂದ 298 ಹೆಂಗಸರಲ್ಲಿ ಅಳೆದು 2017ರಲ್ಲಿ ಪ್ರಕಟಿಸಿದರು. ಶೇ 70ರಷ್ಟು ಮಂದಿ ಗಣನೀಯವಾಗಿ ಮರಗಟ್ಟಿದ್ದರು. ಅವರಿಗೇ ಮುಂದೆ ಆಘಾತೋತ್ತರ ಮಾನಸಿಕ ತೊಂದರೆ, ಖಿನ್ನತೆ ಹೆಚ್ಚಾಗಿ ಕಾಡಿದವು. ಅಂದರೆ ಸುಮ್ಮನಿದ್ದವಳೇ ಹೆಚ್ಚು ಘಾಸಿಗೊಂಡವಳು.

ಇದು ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅತ್ಯಾಚಾರದ ಆರೋಪಿಗೆ ನಿರೀಕ್ಷಣಾ ಜಾಮೀನು ಕೊಟ್ಟ ಒಂದು ಆದೇಶದಲ್ಲಿ, ಕೃತ್ಯದ ನಂತರ ಆಯಾಸದಿಂದ ನಿದ್ದೆ ಹೋದೆ ಎಂಬ ದೂರುದಾರಳ ಮಾತು ಭಾರತೀಯ ನಾರಿಗೆ ತಕ್ಕುದಲ್ಲ ಎಂಬರ್ಥದ ಟಿಪ್ಪಣಿ ಇತ್ತು. ದೇಶದಾದ್ಯಂತ ಆಕ್ಷೇಪ ಬಂದ ಮೇಲೆ ಕೆಲವೇ ದಿನಗಳಲ್ಲಿ ಆ ಸಾಲನ್ನು ಅಳಿಸಲಾಯಿತು. ಅತ್ಯಾಚಾರಕ್ಕೊಳಗಾದವರು ಹೀಗೇ ನಡೆದುಕೊಳ್ಳಬೇಕೆಂಬ ನಿಯಮ ದೇಹಕ್ಕೆ ಗೊತ್ತಿಲ್ಲ. ಒಬ್ಬಳು ಅಳುತ್ತಾಳೆ, ಒಬ್ಬಳು ನಿದ್ದೆಗೆ ಜಾರುತ್ತಾಳೆ, ಮತ್ತೊಬ್ಬಳು ಮಾರನೆಯ ಬೆಳಗ್ಗೆ ಎಂದಿನಂತೆ ಕೆಲಸಕ್ಕೆ ಹೊರಡುತ್ತಾಳೆ.

ಇನ್ನು ಅತ್ಯಾಚಾರದ ನಂತರದ ಚಿಕಿತ್ಸೆಗೆ ಗಂಟೆಗಳ ಲೆಕ್ಕ. ಗರ್ಭ ನಿಲ್ಲದಂತೆ ತಡೆಯುವ ಲೆವೊನಾರ್‌ಜೆಸ್ಟ್ರೆಲ್ ಮಾತ್ರೆ, 1.5 ಮಿಲಿಗ್ರಾಂ, ಅಂಡ ಬಿಡುಗಡೆಯನ್ನು ಮುಂದೂಡುತ್ತದೆ. ಆದ್ದರಿಂದ ಎಷ್ಟು ಬೇಗ ನುಂಗಿದರೆ ಅಷ್ಟು ಫಲ, 72 ಗಂಟೆಯೊಳಗಾದರೆ ಒಳ್ಳೆಯದು. ಎಚ್‌ಐವಿ ತಡೆಯುವ ಔಷಧ ಮೊದಲ ಎರಡು ಗಂಟೆಯಲ್ಲೇ ಶುರುವಾದರೆ ಅತ್ಯುತ್ತಮ, 72 ಗಂಟೆ ದಾಟಿದರೆ ಕೊಟ್ಟೂ ಪ್ರಯೋಜನವಿಲ್ಲ. ವೈರಸ್ ಒಳಗೆ ಬೇರೂರುವ ಮೊದಲೇ ಅದರ ಸಂತತಿ ಬೆಳೆಯದಂತೆ ಕಟ್ಟಿಹಾಕುವುದು ಇದರ ಕೆಲಸ. ಹೆಪಟೈಟಿಸ್ ಬಿ ಲಸಿಕೆ, ಧನುರ್ವಾಯು ಚುಚ್ಚುಮದ್ದು, ಇತರ ಲೈಂಗಿಕ ಸೋಂಕುಗಳಿಗೆ ಆ್ಯಂಟಿಬಯೋಟಿಕ್ ಕೂಡ ಅಂದೇ ಆಗಬೇಕು. ಒಳ ಅಂಗಗಳ ಮಾದರಿ ಸಂಗ್ರಹಿಸಲು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ 96 ಗಂಟೆಯ ಗಡುವು ಇಟ್ಟಿದೆ. ಆಮೇಲೂ ಬಟ್ಟೆಯ ಮೇಲಿನ ಕಲೆ ಸಾಕ್ಷ್ಯವಾಗಿ ಉಳಿದಿರಬಹುದು. ಹಾಗಾಗಿ ತಡವಾಗಿ ಬಂದಳೆಂದು ಹಿಂದಕ್ಕೆ ಕಳಿಸಬಾರದು, ಸ್ನಾನ ಮಾಡಿದ್ದಾಳೆಂದೂ ಕಳಿಸಬಾರದು.

ಆ ಮಾದರಿಗಳನ್ನು ಕಾಪಾಡುವ ರೀತಿ ರಾಮನಗರದವರಿಗೆ ಬೇಗ ಅರ್ಥವಾಗುತ್ತದೆ. ಒದ್ದೆ ರೇಷ್ಮೆಗೂಡನ್ನು ಗಾಳಿಯಾಡದಂತೆ ಮೂಟೆ ಕಟ್ಟಿದರೆ ಬೂಷ್ಟು ಹಿಡಿಯುತ್ತದಲ್ಲ, ಡಿಎನ್‌ಎಗೂ ಅದೇ ಗತಿ. ತೇವದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅದನ್ನು ತುಂಡರಿಸುತ್ತವೆ. ಅದಕ್ಕೇ ಹತ್ತಿಕಡ್ಡಿಯನ್ನೂ ಬಟ್ಟೆಯನ್ನೂ ಬಿಸಿಲಿಗೆ ಹಾಕದೆ ನೆರಳಲ್ಲಿ ಒಣಗಿಸಿ, ಪ್ಲಾಸ್ಟಿಕ್ ಬಿಟ್ಟು ಕಾಗದದ ಲಕೋಟೆಯಲ್ಲಿ ಮೊಹರು ಮಾಡಬೇಕು. ಹಾಕಿಕೊಂಡಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ತಂದರೆ ದೊಡ್ಡ ಉಪಕಾರ.

ಯೋನಿಯೊಳಗೆ ಬೆರಳು ತೂರಿಸಿ ಸಡಿಲತೆ ನೋಡುವ "ಎರಡು ಬೆರಳಿನ ಪರೀಕ್ಷೆ"ಗೆ ವೈಜ್ಞಾನಿಕ ಆಧಾರವೇ ಇಲ್ಲ. ಅದು ಅತ್ಯಾಚಾರದ ಬಗ್ಗೆ ಏನನ್ನೂ ಹೇಳದು, ಹೆಣ್ಣನ್ನು ಮತ್ತೊಮ್ಮೆ ಘಾಸಿಗೊಳಿಸುತ್ತದೆ ಅಷ್ಟೆ. 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್, ಇದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದಿತು. ಅತ್ಯಾಚಾರ ನಡೆದಿದೆಯೇ ಎಂದು ತೀರ್ಮಾನಿಸುವುದು ವೈದ್ಯರ ಕೆಲಸವೇ ಅಲ್ಲ, ಅದು ನ್ಯಾಯಾಲಯಕ್ಕೆ ಬಿಟ್ಟದ್ದು. ಕಂಡದ್ದನ್ನು, ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆಯುವುದು ವೈದ್ಯರ ಪಾಲಿನ ಕೆಲಸ.

"ಮೊದಲು ಸ್ಟೇಷನ್‌ಗೆ ಹೋಗಿ ಎಫ್‌ಐಆರ್ ಮಾಡಿಸ್ಕೊಂಡು ಬನ್ನಿ" ಎನ್ನುವುದು ಕಾನೂನುಬಾಹಿರ. ಅತ್ಯಾಚಾರಕ್ಕೊಳಗಾದವರಿಗೆ ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ನರ್ಸಿಂಗ್ ಹೋಮ್ ಆಗಲಿ ತಕ್ಷಣ ಪುಕ್ಕಟೆ ಚಿಕಿತ್ಸೆ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಹೇಳುತ್ತದೆ. ಕೊಡದವರಿಗೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಂ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ಇಟ್ಟಿದೆ. ಪೊಲೀಸರಿಗೆ ತಿಳಿಸುವ ಹೊಣೆ ಆಸ್ಪತ್ರೆಯದು. ಆಕೆ ಪರೀಕ್ಷೆಗೆ ಒಪ್ಪಬಹುದು, ಅರ್ಧಕ್ಕೆ ಬೇಡ ಎನ್ನಬಹುದು. ಬೇಡ ಎಂದರೂ ಚಿಕಿತ್ಸೆ ನಿಲ್ಲುವಂತಿಲ್ಲ. ಮನೆಯ ಹಿಂಸೆಗೊಳಗಾದವರಿಗೂ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕೆಂದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೇಳುತ್ತದೆ.

ಆದರೆ ಮನೆಯ ಹಿಂಸೆಯಲ್ಲಿ ಕರೆದುಕೊಂಡು ಬಂದವನೇ ಹೊಡೆದವನಾಗಿರಬಹುದು. ಅವನು, ಅತ್ತೆ, ನಾದಿನಿ ಸುತ್ತ ನಿಂತಿರುವಾಗ "ಯಾರು ಹೊಡೆದ್ರಮ್ಮ?" ಎಂದು ಕೇಳುವುದು ಆಕೆಯನ್ನು ಅಪಾಯಕ್ಕೆ ತಳ್ಳಿದಂತೆ. ಬಿಪಿ ನೋಡುವ ನೆವದಲ್ಲಿ ಒಳಗೆ ಕರೆದು, ಬಾಗಿಲು ಹಾಕಿ, ನಿಧಾನವಾಗಿ ಕೇಳುವ ನರ್ಸಮ್ಮನಿಗೆ ಆಕೆ ಹೇಳಿಯಾಳು. ಮುಂಬೈನ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಎರಡು ದಶಕಗಳ ಹಿಂದೆಯೇ ಶುರುವಾದ 'ದಿಲಾಸಾ' ಕೇಂದ್ರ, ಹೀಗೆ ಕೇಳುವುದನ್ನು ಆಸ್ಪತ್ರೆ ಸಿಬ್ಬಂದಿಗೆ ಕಲಿಸಬಹುದೆಂದು ತೋರಿಸಿಕೊಟ್ಟಿತು. ಕರ್ನಾಟಕದಲ್ಲಿ ಜಿಲ್ಲಾ ಆಸ್ಪತ್ರೆಗಳ 'ಗೆಳತಿ' ಚಿಕಿತ್ಸಾ ಘಟಕ, 2015ರ ನಂತರ ಬಂದ 'ಸಖಿ' ಕೇಂದ್ರ ಇದೇ ಉದ್ದೇಶದವು: ಚಿಕಿತ್ಸೆ, ಆಪ್ತಸಲಹೆ, ವಕೀಲರ ನೆರವು, ಪೊಲೀಸ್, ಎಲ್ಲ ಒಂದೇ ಸೂರಿನಡಿ. ದಾರಿ ತಿಳಿಯದಿದ್ದರೆ ಮಹಿಳಾ ಸಹಾಯವಾಣಿ 181 ಇದೆ. ಮನಸ್ಸು ಕುಸಿದಾಗ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಎಚ್‌ಐವಿ ತಡೆಯುವ ಔಷಧ ದಿನಕ್ಕೊಂದು ಮಾತ್ರೆಯಂತೆ 28 ದಿನ, ಒಂದು ದಿನವೂ ತಪ್ಪಬಾರದು. ಊರಿಗೆ ಮರಳುವ ಹೆಣ್ಣುಮಗಳಿಗೆ ಆ ಡಬ್ಬಿಯೇ ಹೊಸ ಭಯ. ಅತ್ತೆಯ ಕಣ್ಣಿಗೆ ಬಿದ್ದರೆ? ಗಂಡ ಕೇಳಿದರೆ? ಮಾತ್ರೆ ಎಣಿಸಿ ಕೈಗಿಡುವ ಮುನ್ನ ನರ್ಸ್ ಒಂದು ಪ್ರಶ್ನೆ ಕೇಳಿ, ಉತ್ತರ ಸಿಗುವವರೆಗೂ ಪಕ್ಕದಲ್ಲಿ ಕೂರಬೇಕು: "ಮನೇಲಿ ಇದನ್ನ ಎಲ್ಲಿಡ್ತೀಯಮ್ಮಾ?"