ಜ್ಯೋತಿ ದಾಟಿ ಹೋದ ಮೇಲೆ ಉಳಿಯುವುದೇನು?

ನಾನು ಮಂಗಳೂರು ಕಡೆಯವನು. ಈಗ ಸೇಲಂನಲ್ಲಿ ಸಣ್ಣ ಮಟ್ಟದ ಸಬ್ಬಕ್ಕಿ ವ್ಯಾಪಾರ. ಮಗಳು ಆರನೇ ಕ್ಲಾಸು. ಮೊನ್ನೆ ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ಕ್ರೀಡಾಕೂಟದ ಜ್ಯೋತಿ ಹಿಡಿದು ಓಡುವವರ ಪಟ್ಟಿಯಲ್ಲಿ ಅವಳ ಹೆಸರಿಲ್ಲವಂತೆ. "ಉಪ್ಪ, ಆ ಬೆಂಕಿ ಹಿಡಿದು ಯಾಕೆ ಓಡ್ತಾರೆ?" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಲಿಂಪಿಕ್ಸ್‌ನಲ್ಲಿ ಜ್ಯೋತಿ ಓಟ ಶುರುವಾದದ್ದು 1936ರ ಬರ್ಲಿನ್ ಕೂಟದಲ್ಲಿ. ಗ್ರೀಸ್‌ನ ಒಲಿಂಪಿಯಾದಲ್ಲಿ ಗುಳಿಯಾದ ಕನ್ನಡಿಗೆ ಬಿಸಿಲು ಬೀಳಿಸಿ ಬೆಂಕಿ ಹೊತ್ತಿಸುತ್ತಾರೆ. ಒಬ್ಬನಿಂದ ಇನ್ನೊಬ್ಬನಿಗೆ ಸಾಗುವುದು ಬೆಂಕಿ ಮಾತ್ರ, ಪಂಜು ಅಲ್ಲ. ದಾರಿಯಲ್ಲಿ ಆರಿದರೆ ಅಂತ ಅದೇ ಬೆಂಕಿಯ ಲಾಟೀನು ಜೊತೆಗೇ ಇರುತ್ತದೆ.

ನೋಡುವ ಜನರೇ ಇಲ್ಲದಿದ್ದರೆ ಇದಕ್ಕೆ ಅರ್ಥವಿಲ್ಲ. 2008ರ ಏಪ್ರಿಲ್ 17ರಂದು ಬೀಜಿಂಗ್ ಜ್ಯೋತಿ ದೆಹಲಿಗೆ ಬಂತು. ಟಿಬೆಟಿಯನ್ನರ ಪ್ರತಿಭಟನೆಯ ಭಯದಿಂದ ಓಟವನ್ನು ಎರಡು ಚಿಲ್ಲರೆ ಕಿಲೋಮೀಟರ್‌ಗೆ ಇಳಿಸಿದರು. ಸಾಮಾನ್ಯ ಜನರನ್ನು ಹತ್ತಿರಕ್ಕೂ ಬಿಡಲಿಲ್ಲ. ಫುಟ್‌ಬಾಲ್ ಆಟಗಾರ ಬೈಚುಂಗ್ ಭುಟಿಯಾ ಜ್ಯೋತಿ ಹಿಡಿಯಲು ಒಪ್ಪಲಿಲ್ಲ. ಅದಾದ ಮೇಲೆ ಒಲಿಂಪಿಕ್ ಸಮಿತಿ, ದೇಶ ದೇಶ ಸುತ್ತುವ ಜ್ಯೋತಿ ಯಾತ್ರೆಯನ್ನೇ ನಿಲ್ಲಿಸಿತು.

2022ರಲ್ಲಿ ನಮ್ಮ ತಮಿಳುನಾಡಿನಲ್ಲಿ ನಡೆದದ್ದು ಬೇರೆ ಥರ. ರಷ್ಯಾದಲ್ಲಿ ಆಗಬೇಕಿದ್ದ 44ನೇ ಚೆಸ್ ಒಲಿಂಪಿಯಾಡ್, ಉಕ್ರೇನ್ ಯುದ್ಧದ ಕಾರಣ ಚೆನ್ನೈ ಪಕ್ಕದ ಮಾಮಲ್ಲಪುರಕ್ಕೆ ಬಂತು. 1927ರಿಂದ ನಡೆಯುತ್ತಿರುವ ಈ ಕೂಟಕ್ಕೆ ಅಲ್ಲಿಯ ತನಕ ಜ್ಯೋತಿಯೇ ಇರಲಿಲ್ಲ. ಜೂನ್ 19ರಂದು ದೆಹಲಿಯಲ್ಲಿ ಪ್ರಧಾನಿ ಅದನ್ನು ವಿಶ್ವನಾಥನ್ ಆನಂದ್ ಕೈಗೆ ಕೊಟ್ಟರು. 40 ದಿನ, 75 ಊರು. ಲೇಹ್, ಬೆಂಗಳೂರು, ತೃಶೂರು, ಕನ್ಯಾಕುಮಾರಿ ಎಲ್ಲಾ ಪಟ್ಟಿಯಲ್ಲಿದ್ದವು. ಆಯಾ ರಾಜ್ಯದ ಗ್ರ್ಯಾಂಡ್‌ಮಾಸ್ಟರ್‌ಗಳು ಜ್ಯೋತಿ ಬರಮಾಡಿಕೊಳ್ಳುವ ಏರ್ಪಾಡು. ಇನ್ನು ಮುಂದೆ ಪ್ರತಿ ಒಲಿಂಪಿಯಾಡ್‌ನ ಜ್ಯೋತಿ ಭಾರತದಿಂದಲೇ ಹೊರಡಬೇಕು ಅಂತಲೂ ತೀರ್ಮಾನವಾಯಿತು.

ಆ ಕೂಟದಲ್ಲಿ 16 ವರ್ಷದ ಗುಕೇಶ್ ಮೊದಲ ಎಂಟು ಆಟ ಸತತವಾಗಿ ಗೆದ್ದ. ಭಾರತಕ್ಕೆ ಓಪನ್ ಮತ್ತು ಮಹಿಳಾ ವಿಭಾಗಗಳಲ್ಲಿ ಕಂಚು ಬಂತು. 2024ರಲ್ಲಿ ಬುಡಾಪೆಸ್ಟ್‌ನಲ್ಲಿ ಎರಡರಲ್ಲೂ ಚಿನ್ನ. ಇದು ಜ್ಯೋತಿಯಿಂದ ಆದದ್ದಲ್ಲ. ವರ್ಷಗಟ್ಟಲೆ ಮಕ್ಕಳನ್ನು ಟೂರ್ನಮೆಂಟಿಗೆ ಕರೆದುಕೊಂಡು ಹೋದ ತಂದೆತಾಯಿಯರಿಂದ ಆದದ್ದು.

ಮಗಳಿಗೆ ನಮ್ಮ ಜಿಲ್ಲೆಯ ಕತೆಯನ್ನೂ ಹೇಳಿದೆ. ವಸೂಲಿಗೆ ಧರ್ಮಪುರಿಗೆ ಹೋಗುವಾಗ ಓಮಲೂರು ದಾಟುತ್ತೇನೆ. ಆ ಕಡೆಯ ಪೆರಿಯವಡಗಂಪಟ್ಟಿಯವರು ಮಾರಿಯಪ್ಪನ್ ತಂಗವೇಲು. ಚಿಕ್ಕವರಿದ್ದಾಗ ಬಸ್ಸು ಹರಿದು ಬಲಗಾಲು ಜಜ್ಜಿಹೋಯಿತು. ತಾಯಿ ತರಕಾರಿ ಮಾರಿ ಸಾಕಿದರು. 2016ರ ರಿಯೊ ಪ್ಯಾರಾಲಿಂಪಿಕ್ಸ್ ಹೈಜಂಪ್‌ನಲ್ಲಿ 1.89 ಮೀಟರ್ ಹಾರಿ ಚಿನ್ನ ಗೆದ್ದರು. 2021ರಲ್ಲಿ ಟೋಕಿಯೊದಲ್ಲಿ ದೇಶದ ಧ್ವಜ ಹಿಡಿಯಲು ಅವರನ್ನೇ ಆರಿಸಿದ್ದರು. ಆದರೆ ವಿಮಾನದಲ್ಲಿದ್ದ ಒಬ್ಬರಿಗೆ ಕೋವಿಡ್ ಬಂದು ಇವರು ಕ್ವಾರಂಟೈನ್‌ನಲ್ಲಿ ಉಳಿದರು. ಧ್ವಜ ಟೇಕ್ ಚಂದ್ ಕೈಗೆ ಹೋಯಿತು. ಒಂದು ವಾರ ಕಳೆದು ಮಾರಿಯಪ್ಪನ್ ಬೆಳ್ಳಿ ಗೆದ್ದರು.

"ಹಾಗಾದ್ರೆ ಓಡದಿದ್ರೂ ಪರವಾಗಿಲ್ವಾ?" ಅಂದಳು. ಪರವಾಗಿಲ್ಲ ಅಂದೆ. ಆಗ ಅವಳು ಮೆಲ್ಲ ಕೇಳಿದಳು: "ಮತ್ತೆ ಹೋದ ವರ್ಷ ಚೆಸ್ ಮ್ಯಾಚಿಗೆ ಯಾಕೆ ಕಳಿಸಲಿಲ್ಲ?"

ನನ್ನಲ್ಲಿ ಉತ್ತರ ಇರಲಿಲ್ಲ. ಅಂದು ಲೋಡ್ ಬರುವುದಿತ್ತು, ಅಂಗಡಿ ಬಿಡಲಾಗದು ಅಂದಿದ್ದೆ. ನಮ್ಮಲ್ಲಿ ಇದು ಮಾಮೂಲು. ಗಂಡುಮಕ್ಕಳಿಗೆ ಹತ್ತನೇ ಕ್ಲಾಸ್ ಬಂದರೆ ಆಟ ಬಂದ್, ಹೆಣ್ಣುಮಕ್ಕಳಿಗೆ ಅದಕ್ಕೂ ಮೊದಲೇ. ಮದುವೆ ಹಾಲ್‌ಗೆ ಲಕ್ಷ ಕೊಡುವ ನಾವು ಟೂರ್ನಮೆಂಟಿನ ಬಸ್ ಚಾರ್ಜಿಗೆ ಲೆಕ್ಕ ಹಾಕುತ್ತೇವೆ.

ಜ್ಯೋತಿ ನಿಮ್ಮೂರಿಗೆ ಬಂದರೆ ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ ತೋರಿಸಿ. ಅದು ಐದು ನಿಮಿಷದ ಸಂಭ್ರಮ. ಮುಂದಿನ ಮ್ಯಾಚ್ ಯಾವಾಗ ಅಂತಲೂ ಅಲ್ಲೇ ವಿಚಾರಿಸಿಕೊಂಡು ಬನ್ನಿ. ನಾನಂತೂ ಈ ಸಲ ಅಂಗಡಿಗೆ ಅರ್ಧ ದಿನ ರಜೆ ಹಾಕುತ್ತೇನೆ.